ಹಲ್ಲಿ ಲೊಚಗುಟ್ಟಿದ ಹೋಟೆಲು

ಅತ್ತೆ ಮೊದಲ ಸಲ ಆಕ್ಲೆಂಡಿಗೆ ಬಂದು ಮೂರು ತಿಂಗಳಿದ್ದು ಹೊರಡುವಾಗ ಈ ಊರಿನ ಮೇಲೆ ಹೇಳಿದ್ದು ಒಂದೇ ದೂರು. ಮನೆಯಲ್ಲಿ ಹಲ್ಲಿ ಇಲ್ಲ. ನಡುಬೇಸಿಗೆಯಲ್ಲೂ ಬೀಸುವ ತಣ್ಣನೆ ಗಾಳಿಯನ್ನು ಅವರು ಸಹಿಸಿಕೊಂಡಿದ್ದರು. ಸಂಜೆ ಐದೂವರೆಗೆಲ್ಲ ಬಾಗಿಲು ಹಾಕುವ ಅಂಗಡಿಗಳನ್ನು ಕ್ಷಮಿಸಿದ್ದರು. ಮೂಲೆಯ ಡೇರಿಗೆ ಹಾಲು ತರಲು ಹೋದವರು ಅಂಗಡಿಯವನ ಮಕ್ಕಳ ಓದುಬರಹವನ್ನೆಲ್ಲ ವಿಚಾರಿಸಿಕೊಂಡು ಅರ್ಧ ಗಂಟೆ ಬಿಟ್ಟು ಬರುತ್ತಿದ್ದರು. ಆದರೆ ಮೌಂಟ್ ರಾಸ್ಕಿಲ್‌ನ ನಮ್ಮ ಬಾಡಿಗೆ ಮನೆಯ ಬಿಳಿ ಗೋಡೆಗಳನ್ನು ಮಾತ್ರ ಕೊನೆಯ ದಿನದವರೆಗೂ ಅನುಮಾನದಿಂದಲೇ ನೋಡಿದರು.

"ಏನಮ್ಮಾ ಇದು, ಇಷ್ಟು ದೊಡ್ಡ ಮನೇಲಿ ಒಂದು ಹಲ್ಲಿನೂ ಇಲ್ವಲ್ಲ. ನಾವು ಆಡಿದ ಮಾತು ನಿಜ ಅಂತ ಹೇಳೋರು ಯಾರು?"

"ಅಮ್ಮಾ, ಇಲ್ಲಿ ಅದಕ್ಕೆಲ್ಲ ಲಾಯರ್ ಇರ್ತಾರೆ," ಎಂದರು ನಮ್ಮ ಮನೆಯವರು. ಅತ್ತೆ ನಗಲಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಹೆಡ್‌ಮಿಸ್ ಆಗಿ ನಿವೃತ್ತರಾದವರು ಅವರು. ಸತ್ಯ ಸುಳ್ಳಿನ ವಿಷಯದಲ್ಲಿ ತಮಾಷೆ ಅವರಿಗೆ ಆಗಿಬರುವುದಿಲ್ಲ.

ನಾನು ನಗುವ ಹಾಗೂ ಇರಲಿಲ್ಲ. ಯಾಕೆಂದರೆ ಆ ಅಭ್ಯಾಸ ನನಗೂ ಅಂಟಿತ್ತು. ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಆಗ ಕೈಗೆ ಸಿಕ್ಕಿದ್ದನ್ನು, ನೆಲವೋ ಮೇಜೋ ಮಂಚದ ಪಟ್ಟಿಯೋ, ಬೆರಳ ತುದಿಯಿಂದ ಮೂರು ಸಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನಬೇಕು. ಯಾರು ಕಲಿಸಿದರೋ ನೆನಪಿಲ್ಲ. ಉಗುಳು ನುಂಗುವುದನ್ನು ಯಾರೂ ಕಲಿಸುವುದಿಲ್ಲವಲ್ಲ, ಹಾಗೆ. ನಾನು ಓದಲೆಂದು ನ್ಯೂಜಿಲೆಂಡಿಗೆ ಬಂದು, ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ವಿಜ್ಞಾನದ ಅನ್ನ ತಿನ್ನುತ್ತಿದ್ದವಳು. ಆದರೂ ಬೆರಳಿಗೆ ಬುದ್ಧಿ ಬಂದಿರಲಿಲ್ಲ.

ಅತ್ತೆ ಜನವರಿ ಕೊನೆಗೆ ಊರಿಗೆ ಹೋದರು. ಮಾರ್ಚಿಯಲ್ಲಿ ನನಗೆ ದಿನ ನಿಂತಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ದೃಷ್ಟಿಯಾಗುತ್ತದಂತೆ. ಹೇಳಲಿಲ್ಲ. ಮೇ ತಿಂಗಳಲ್ಲಿ, ಹನ್ನೊಂದನೇ ವಾರದಲ್ಲಿ, ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ನನ್ನ ಭುಜ ಸವರಿ, ಇದು ಬಹಳ ಜನಕ್ಕೆ ಆಗುತ್ತದೆ ಎಂದಳು. ಬಹಳ ಜನಕ್ಕೆ ಆಗುವುದು ನನ್ನೊಬ್ಬಳಿಗೇ ಆದ ಹಾಗೆ ಯಾಕೆ ಅನ್ನಿಸುತ್ತದೆ ಎಂದು ಕೇಳಬೇಕೆನಿಸಿತು. ಮನೆಗೆ ಬಂದು ಮಲಗಿದೆ. ಇವರು ಗಂಜಿ ಮಾಡಲು ಹೋಗಿ ತಳ ಹಿಡಿಸಿದರು. ಬಂದದ್ದನ್ನೇ ಯಾರಿಗೂ ಹೇಳಿರಲಿಲ್ಲ, ಹೋದದ್ದನ್ನು ಹೇಗೆ ಹೇಳುವುದು? ಅತ್ತೆಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಅದರ ಮಾರನೇ ವಾರವೇ ಅತ್ತೆಯ ಫೋನು. ಮೈದುನನ ಹೆಂಡತಿಗೆ ಏಳು ತುಂಬುತ್ತಿದೆ, ಜೂನ್ ಮೊದಲ ವಾರದ ಭಾನುವಾರ ಸೀಮಂತ, ಮನೆಯಲ್ಲೇ. "ನೀವಿಬ್ರೂ ಬಂದ್ಬಿಡಿ. ಹೇಗೂ ವರ್ಷಕ್ಕೊಂದ್ಸಲ ಬರ್ತೀರಲ್ಲ, ಈ ಸಲ ಈಗ್ಲೇ ಬನ್ನಿ."

ಹೌದು, ಹೇಗೂ ಬರುತ್ತಿದ್ದೆವು. ಮದುವೆಯಾಗಿ ಆರು ವರ್ಷ; ಆರು ವರ್ಷದ ರಜೆಯೆಲ್ಲ ಮೈಸೂರಿಗೇ ಸಂದಾಯವಾಗಿತ್ತು. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ, ಇಲ್ಲಿಯವಳೇ ಆದ ಹೆಂಗಸು ರಜೆ ಬಂದರೆ ಸಮುದ್ರದ ಪಕ್ಕದ ತನ್ನ ಪುಟ್ಟ ರಜೆಮನೆಗೆ ಹೋಗಿ ಒಂದು ವಾರ ಸುಮ್ಮನೆ ಮಲಗಿ ಬರುತ್ತಿದ್ದಳು. ನಾವು ರಜೆಯಿಂದ ಬಂದ ಮೇಲೆ ಇನ್ನೆರಡು ದಿನ ರಜೆ ಬೇಕಾಗುತ್ತಿತ್ತು. ಆದರೂ ಬೇಸರವಿರಲಿಲ್ಲ. ಈ ಸಲ ಮಾತ್ರ ಆ ಮನೆಯ ಹಾಲ್ ಕಣ್ಣ ಮುಂದೆ ಬಂತು. ಹಸಿರು ಬಳೆಯ ಸದ್ದು, ಸಾಲಾಗಿ ಕೂತ ದೊಡ್ಡಮ್ಮಂದಿರು, ತಟ್ಟೆ ಹಿಡಿದು ನಾನು ಹತ್ತಿರ ಹೋದ ಕೂಡಲೇ ಕೈ ಹಿಡಿದೆಳೆದು, ದನಿ ತಗ್ಗಿಸಿ, ಆದರೆ ಹತ್ತು ಜನಕ್ಕೆ ಕೇಳುವಂತೆ, "ಏನಮ್ಮಾ, ನಿಂದೇನಾದ್ರೂ ವಿಶೇಷ?"

ನನಗೆ ಆ 'ವಿಶೇಷ' ಎಂಬ ಮಾತಿನ ಮೇಲೆ ಇರುವಷ್ಟು ಸಿಟ್ಟು ಲೋಕದಲ್ಲಿ ಬೇರೆ ಯಾವುದರ ಮೇಲೂ ಇಲ್ಲ. ಹೆಣ್ಣಾದವಳು ಕೆಲಸ ಹಿಡಿದರೆ, ಕಾರು ಓಡಿಸಲು ಕಲಿತರೆ, ಸಮುದ್ರ ದಾಟಿ ಬಂದರೆ ಅದು ವಿಶೇಷವಲ್ಲ.

"ನನ್ನಿಂದ ಆಗಲ್ಲ ರೀ," ಎಂದೆ ಇವರಿಗೆ. "ನಿಮ್ಮಮ್ಮಂಗೆ ಬೇಜಾರಾಗ್ಬಾರ್ದು. ಆದ್ರೆ ನಾನು ಅಲ್ಲಿ ಹೋಗಿ ನಿಂತ್ಕೊಳ್ಳಲ್ಲ."

ಈರುಳ್ಳಿ ಕೊಂಡರೂ ತಾಯಿಗೆ ಫೋನ್ ಮಾಡಿ ಬೆಲೆ ಹೇಳುವ ಮನುಷ್ಯ ಇವರು. ಅಂಥವರು ಅವತ್ತು ನನ್ನ ಮುಂದೆಯೇ ಫೋನ್ ಹಚ್ಚಿ, "ರಜೆ ಸಿಗ್ಲಿಲ್ಲಮ್ಮ, ಇಬ್ರಿಗೂ," ಎಂದರು. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದರು. ಹೇಳಿ, ಹಿತ್ತಲಿಗೆ ಹೋಗಿ ಒಗೆದ ಬಟ್ಟೆ ಹರವುವ ನೆವದಲ್ಲಿ ಬಹಳ ಹೊತ್ತು ಅಲ್ಲೇ ನಿಂತಿದ್ದರು.

ರಜೆ ಸಿಕ್ಕಿತ್ತು, ಹತ್ತು ದಿನ. ಆ ಹತ್ತು ದಿನ ಆಕ್ಲೆಂಡಿನ ಮನೆಯಲ್ಲಿ, ಅದೆಲ್ಲ ಆದ ಸ್ನಾನದ ಕೋಣೆಯ ಪಕ್ಕದ ಮಂಚದಲ್ಲಿ ನಾನು ಮಲಗಿರಬಾರದು ಎಂದು ಇವರು ತೀರ್ಮಾನಿಸಿದರು. ಒಂದು ಸಂಜೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿ, "ವಿಯೆಟ್ನಾಮ್. ಹೊಯ್ ಆನ್ ಅಂತ ಹಳೇ ಊರು. ಬೂಟೀಕ್ ಹೋಟೆಲು, ಎಂಟೇ ರೂಮು," ಎಂದರು.

"ನಮ್ಮೂರಲ್ಲಿ ಬೂಟೀಕ್ ಅಂದ್ರೆ ರವಿಕೆ ಹೊಲಿಯೋ ಕಡೆ, ಹೋಟೆಲ್ ಅಂದ್ರೆ ದೋಸೆ ತಿನ್ನೋ ಕಡೆ. ಇದೇನ್ರೀ ಎರಡೂ ಸೇರಿಸಿ?" ಎಂದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡಿದ ಮೊದಲ ತಮಾಷೆ ಅದು. ಇವರು ತಕ್ಷಣ ಟಿಕೆಟ್ ಕೊಂಡುಬಿಟ್ಟರು.

ಹೊರಡುವ ಹೊತ್ತಿಗೆ ನಕ್ಷೆ ತೆರೆದು ನೋಡಿದೆ. ಮೈಸೂರಿಗೆ ಹೋಗುವ ದಾರಿಯಲ್ಲೇ ಅರ್ಧಕ್ಕೆ ಇಳಿದುಬಿಡುವುದು ಇದು. ಅತ್ತೆಗೆ ಗೊತ್ತಾದರೆ ಏನೆಂದುಕೊಂಡಾರು? ಓರಗಿತ್ತಿಯ ಹೊಟ್ಟೆ ನೋಡಲಾರದೆ ಮಜಾ ಮಾಡಲು ಹೋದಳು ಎನ್ನುವುದಿಲ್ಲವೇ? ಅತ್ತೆಗೂ ನನಗೂ ಆರು ವರ್ಷದಲ್ಲಿ ಒಂದು ನಂಬಿಕೆ ಬೆಳೆದಿತ್ತು. ಅವರು ನನ್ನನ್ನು ಒಂದು ದಿನವೂ 'ವಿಶೇಷ' ಕೇಳಿದವರಲ್ಲ. ಅಂಥವರ ಮುಂದೆ ಕಳ್ಳಿಯಾಗುವುದು ನನಗೆ ಬೇಕಿರಲಿಲ್ಲ. ನಿಜ ಹೇಳುವ ಶಕ್ತಿಯೂ ಇರಲಿಲ್ಲ.

ಹೋಟೆಲು ಒಂದು ಗಲ್ಲಿಯೊಳಗಿತ್ತು. ಯಾರೋ ವ್ಯಾಪಾರಸ್ಥರ ಹಳೆಯ ಮನೆ. ಅರಿಸಿನ ಬಣ್ಣದ ಗೋಡೆ, ಹೆಂಚಿನ ಮಾಡು, ನಡುವೆ ತೊಟ್ಟಿಯಂಥ ಅಂಗಳ, ಅಂಗಳದಲ್ಲೊಂದು ಮಣ್ಣಿನ ಬಾನಿ, ಅದರಲ್ಲಿ ತಾವರೆ ಎಲೆ ಮತ್ತು ನಾಲ್ಕು ಮೀನು. ಒಡತಿಗೆ ಅರುವತ್ತರ ಹತ್ತಿರದ ವಯಸ್ಸು. ಇಂಗ್ಲಿಷ್ ಅವರಿಗೆ ಹತ್ತಿಪ್ಪತ್ತು ಮಾತು ಬರುತ್ತಿತ್ತು, ಅಷ್ಟರಲ್ಲೇ ಇಡೀ ಹೋಟೆಲು ನಡೆಸುತ್ತಿದ್ದರು. ನಾವು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟದ್ದು ನೋಡಿ ಅವರಿಗೆ ಬಹಳ ಸಂತೋಷವಾಯಿತು. ಬೇರೆ ಅತಿಥಿಗಳಿಗೆ ಅವರು ಅದನ್ನು ದಿನವೂ ಹೇಳಿಕೊಡಬೇಕಿತ್ತಂತೆ.

ರೂಮಿನ ಬಾಗಿಲು ತೆಗೆದರೆ ಮಂಚದ ತುಂಬ ಕೆಂಪು ಹೂವಿನ ಎಸಳು, ನಡುವೆ ಟವೆಲಿನಲ್ಲಿ ಮಡಿಸಿದ ಎರಡು ಹಂಸ. ನಾನು ಇವರ ಮುಖ ನೋಡಿದೆ.

"ಬುಕ್ ಮಾಡುವಾಗ ಹನಿಮೂನಾ ಅಂತ ಕೇಳಿತ್ತು. ಹೌದು ಅಂದೆ."

"ಆರು ವರ್ಷಕ್ಕಾ?"

"ಆವಾಗ ಎಲ್ಲಿ ಹೋಗಿದ್ವಿ ಹೇಳು. ಹದಿನೈದು ದಿನ ಬರೀ ನೆಂಟರ ಮನೆ ಊಟ ಆಯ್ತು."

ಅದು ಸತ್ಯವಾದ ಮಾತು. ಎಸಳುಗಳನ್ನೆಲ್ಲ ಬಳಿದು ಪಕ್ಕಕ್ಕಿಟ್ಟು, ಹಂಸಗಳನ್ನು ಬಿಚ್ಚಲು ಮನಸ್ಸಾಗದೆ ಕಿಟಕಿಯ ಮೇಲಿಟ್ಟು, ನಾನು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಎದ್ದಾಗ ಸಂಜೆ. ಮರದ ತೊಲೆಯ ಸಂದಿಯಿಂದ ಲೊಚ್ ಲೊಚ್ ಲೊಚ್ ಎಂದಿತು. ಬೆರಳು ತಾನಾಗಿಯೇ ಮಂಚದ ಪಟ್ಟಿಯನ್ನು ಕುಟ್ಟಿತು. 'ಕೃಷ್ಣ ಕೃಷ್ಣ' ಎಂದ ಮೇಲೆ ನಾವಿಬ್ಬರೂ ಮೇಲೆ ನೋಡಿದೆವು. ಬೆಳ್ಳಗೆ, ನಮ್ಮ ಮೈಸೂರಿನ ಮನೆಯದರ ಹಾಗೇ ಇತ್ತು. "ಅಮ್ಮ ಇದ್ದಿದ್ರೆ ಈ ಹೋಟ್ಲಿಗೆ ಫುಲ್ ಮಾರ್ಕ್ಸ್ ಕೊಡ್ತಿದ್ರು," ಎಂದರು ಇವರು.

ಮೊದಲ ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ಅದೇ ಮಾಡಬೇಕಾಗಿದ್ದದ್ದು. ಬೆಳಿಗ್ಗೆ ಅಂಗಳದಲ್ಲಿ ಕೂತರೆ ಒಡತಿ ತಾವೇ ಹಣ್ಣು ಹೆಚ್ಚಿಕೊಂಡು ತರುತ್ತಿದ್ದರು. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಅವರು ತಲೆಯಾಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ಚಿತ್ರ ತೋರಿಸಿ, ಅವತ್ತು ತಾವೂ ತಿನ್ನುವುದಿಲ್ಲ ಎಂದು ಸನ್ನೆ ಮಾಡಿದರು. ಬಾಗಿಲ ಎದುರಿಗೆ ಅವರ ಹಿರಿಯರ ಪಟಗಳಿದ್ದವು. ಅದಕ್ಕೆ ದಿನವೂ ಊದುಬತ್ತಿ, ಒಂದು ಪುಟ್ಟ ಲೋಟದಲ್ಲಿ ನೀರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹಳದಿ ಗೋಡೆಗಳ ಬೀದಿಯಲ್ಲಿ ನಡೆದು ನದಿಯವರೆಗೆ ಹೋಗಿ ಕಾಲು ನೋಯುವ ಮೊದಲೇ ವಾಪಸು ಬರುತ್ತಿದ್ದೆವು. ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ತುಂಬಿ ಕೂತು ನಾನು ಚೆನ್ನಾಗಿ ಅತ್ತುಬಿಟ್ಟೆ. ಆಕ್ಲೆಂಡಿನ ಮನೆಯಲ್ಲಿ ಅತ್ತರೆ ತೆಳು ಗೋಡೆಯಾಚೆ ಇವರಿಗೆ ಕೇಳಿಸುತ್ತಿತ್ತು. ಇಲ್ಲಿ ಗೋಡೆ ದಪ್ಪ.

ಭಾನುವಾರ ಬಂತು. ಸೀಮಂತವನ್ನು ನಾವು ಲ್ಯಾಪ್‌ಟಾಪಿನಲ್ಲಿ ನೋಡಲೇಬೇಕು ಎಂದು ಅತ್ತೆ ಹೇಳಿಬಿಟ್ಟಿದ್ದರು. ಮೈಸೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆ, ಆಕ್ಲೆಂಡಿನಲ್ಲಿ ಸಂಜೆ ನಾಲ್ಕು. ನಾವಿದ್ದಲ್ಲಿ ಹನ್ನೊಂದು ಗಂಟೆಯ ಉರಿಬಿಸಿಲು.

ಸುಳ್ಳು ಹೇಳುವುದು ಸುಲಭ, ಅದಕ್ಕೆ ಬಟ್ಟೆ ತೊಡಿಸುವುದು ಕಷ್ಟ. ರೂಮಿನಲ್ಲಿ ವೈಫೈ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಕೆಳಗೆ, ಮೆಟ್ಟಿಲ ಹಿಂದಿನ ಪುಸ್ತಕದ ಮೂಲೆಯಲ್ಲಿ. ಅಲ್ಲಿ ಕಿಟಕಿಯಿರಲಿಲ್ಲ, ಗೋಡೆಗೆ ಮರದ ಹಲಗೆ ಹೊಡೆದಿತ್ತು. ಕೇಳಿದರೆ ಆಕ್ಲೆಂಡಿನ ಸ್ನೇಹಿತರ ಮನೆ ಅನ್ನಬಹುದು ಎಂದು ಇವರು ಮೆಚ್ಚಿಕೊಂಡರು. ಅಲ್ಲಿದ್ದ ಗಡಿಯಾರವನ್ನು ಇಳಿಸಿ ಕುರ್ಚಿಯ ಕೆಳಗಿಟ್ಟರು. ಫ್ಯಾನ್ ಆರಿಸಿದರು. ಆಮೇಲೆ ಇಬ್ಬರೂ, ಆಕ್ಲೆಂಡಿನ ಏರ್‌ಪೋರ್ಟಿಗೆ ಹಾಕಿಕೊಂಡು ಬಂದಿದ್ದ ಉಣ್ಣೆಯ ಸ್ವೆಟರುಗಳನ್ನು ತೊಟ್ಟುಕೊಂಡೆವು. ನಾನು ಕಿವಿಗೆ ಮಫ್ಲರನ್ನೂ ಸುತ್ತಿಕೊಂಡೆ. ಹಣೆಯ ಬೆವರನ್ನು ಇವರು ನಿಮಿಷಕ್ಕೊಮ್ಮೆ ಒರೆಸುತ್ತಿದ್ದರು. ಒಡತಿ ಆ ಕಡೆ ಹಾದುಹೋದವರು ನಿಂತು, ನಮ್ಮನ್ನು ಎರಡು ಸಲ ನೋಡಿ, ಅಡುಗೆಮನೆಗೆ ಹೋದರು.

ಕಾಲ್ ಹತ್ತಿತು. ಹಸಿರು ಸೀರೆ, ಮಲ್ಲಿಗೆ, ಬಳೆಯ ಬುಟ್ಟಿ, ಜನ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕೂತಿದ್ದವರು ಅತ್ತೆ. ಮಾವ ತೀರಿಕೊಂಡು ಎಂಟು ವರ್ಷವಾಗಿತ್ತು. ಸೀಮಂತದ ಆರತಿಗೂ ಕುಂಕುಮಕ್ಕೂ ಅವರನ್ನು ಯಾರೂ ಕರೆಯುವಂತಿಲ್ಲ. ಮನೆಯ ಯಜಮಾನಿ, ಅಷ್ಟು ಮಕ್ಕಳಿಗೆ ಅಕ್ಷರ ಕಲಿಸಿದವರು, ತಮ್ಮ ಸೊಸೆಯ ಶಾಸ್ತ್ರದಲ್ಲಿ ಹಿಂದಿನ ಗೋಡೆಗೆ ಒರಗಿ ನಮಗೆ ಚಿತ್ರ ತೋರಿಸುವ ಕೆಲಸಕ್ಕೆ ಉಳಿದಿದ್ದರು. ನನಗೆ ಸಿಟ್ಟು ಬಂತು. ಅವರ ದನಿಯಲ್ಲಿ ಮಾತ್ರ ಏನೂ ಇರಲಿಲ್ಲ.

"ಕಾಣಿಸ್ತಿದ್ಯಾ? ಇಲ್ನೋಡು, ಈಗ ಬಳೆ ತೊಡಿಸ್ತಾರೆ."

"ಕಾಣಿಸ್ತಿದೆ ಅತ್ತೆ."

"ಅಲ್ಲಿ ಚಳಿ ಜೋರಾ? ಹೀಗೆ ಸುತ್ಕೊಂಡು ಕೂತಿದ್ದೀಯ!"

"ಹೂಂ ಅತ್ತೆ, ಬೆಳಿಗ್ಗೆಯಿಂದ ಒಂದೇ ಸಮ ಮಳೆ. ರಜೆ ಒಂದು ಸಿಕ್ಕಿದ್ದಿದ್ರೆ ಖಂಡಿತ ಬಂದ್ಬಿಡ್ತಿದ್ವಿ."

ಲೊಚ್ ಲೊಚ್ ಲೊಚ್.

ತಲೆಯ ಮೇಲೆಯೇ, ಮೆಟ್ಟಿಲ ಅಡಿಯಿಂದ, ಸ್ಪಷ್ಟವಾಗಿ. ನಾನು ಸುಮ್ಮನಿದ್ದಿದ್ದರೆ ಅದು ಅತ್ತೆಯ ಮನೆಯದೇ ಹಲ್ಲಿ ಎಂದಾದರೂ ಆಗುತ್ತಿತ್ತು. ಆದರೆ ನನ್ನ ಬಲಗೈ ಬೆರಳು ಮೇಜನ್ನು ಟಕ್ ಟಕ್ ಟಕ್ ಎಂದು ಕುಟ್ಟಿ, ಬಾಯಿ 'ಕೃಷ್ಣ ಕೃಷ್ಣ' ಎಂದಾಗಿಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ತುಳಿದು ಏನು ಪ್ರಯೋಜನ?

ಅತ್ತೆ ಪರದೆಗೆ ಸ್ವಲ್ಪ ಹತ್ತಿರ ಬಂದರು. ಕನ್ನಡಕದ ಹಿಂದೆ ಅವರ ಕಣ್ಣು ನನ್ನ ಸ್ವೆಟರು, ಹಣೆ, ಹಿಂದಿನ ಮರದ ಗೋಡೆ ಎಲ್ಲವನ್ನೂ ಒಂದೊಂದಾಗಿ ನೋಡಿತು. ತಪ್ಪು ಲೆಕ್ಕ ಮಾಡಿದ ಹುಡುಗಿಯ ಸ್ಲೇಟನ್ನು ನೋಡುವ ನೋಟ. ಆ ಹೊತ್ತಿಗೇ ಹಿಂದಿನಿಂದ ದೊಡ್ಡಮ್ಮ ಒಬ್ಬರು ಬಂದು ಅತ್ತೆಯ ಭುಜದ ಮೇಲಿಂದ ಬಗ್ಗಿದರು.

"ಯಾರು, ದೊಡ್ಡ ಸೊಸೇನಾ? ಏನಮ್ಮಾ, ತಂಗಿಗೆ ಬಳೆ ಆಯ್ತು. ನಿಂಗೆ ಯಾವಾಗ ತೊಡ್ಸೋದು? ಏನಾದ್ರೂ ವಿಶೇಷ..."

ನನ್ನ ಮುಖ ಏನಾಯಿತೋ ನನಗೆ ಗೊತ್ತಿಲ್ಲ. ಅತ್ತೆಗೆ ಕಾಣಿಸಿರಬೇಕು. "ನೆಟ್‌ವರ್ಕ್ ಸರಿ ಇಲ್ಲ," ಎಂದರು, ಗಟ್ಟಿಯಾಗಿ, ತರಗತಿಯನ್ನು ಸುಮ್ಮನಾಗಿಸುವ ದನಿಯಲ್ಲಿ. "ಆಮೇಲೆ ಮಾತಾಡಣ." ಪರದೆ ಕಪ್ಪಾಯಿತು.

"ಅಮ್ಮಂಗೆ ಗೊತ್ತಾಯ್ತು," ಎಂದರು ಇವರು.

"ಕೋಪಕ್ಕೇ ಕಟ್ ಮಾಡಿದ್ದು," ಎಂದೆ ನಾನು. ಸ್ವೆಟರು ತೆಗೆಯುವ ಶಕ್ತಿಯೂ ಇರಲಿಲ್ಲ. ಹಾಗೇ ಮೇಜಿನ ಮೇಲೆ ತಲೆಯಿಟ್ಟೆ.

ಒಡತಿ ಶುಂಠಿ ಕುದಿಸಿದ ಬಿಸಿನೀರಿಗೆ ಜೇನು ಹಾಕಿ ತಂದರು. ಅಂಥ ಸೆಕೆಯಲ್ಲಿ ಉಣ್ಣೆ ಸುತ್ತಿಕೊಂಡವಳಿಗೆ ಜ್ವರವಲ್ಲದೆ ಇನ್ನೇನು ಬಂದಿರಬಹುದು ಎಂಬುದು ಅವರ ಲೆಕ್ಕ. ಅಂಗೈಯನ್ನು ನನ್ನ ಹಣೆಯ ಮೇಲಿಟ್ಟರು. ಆಮೇಲೆ ಕುತ್ತಿಗೆಯ ಮೇಲೆ. ಜ್ವರವಿಲ್ಲ ಎಂದು ಗೊತ್ತಾದ ಮೇಲೂ ಕೈ ತೆಗೆಯಲಿಲ್ಲ. ಮೇ ತಿಂಗಳಿಂದ ದೊಡ್ಡವರ ಕೈ ಒಂದು ಹೀಗೆ ನನ್ನ ಹಣೆ ಮುಟ್ಟಿರಲಿಲ್ಲ. ಇವರು ಮುಟ್ಟಿದ್ದರು, ದಿನಾ ಮುಟ್ಟಿದ್ದರು. ಅದು ಬೇರೆ. ನನಗೆ ಅಮ್ಮನೋ ಅತ್ತೆಯೋ ಬೇಕಿತ್ತು ಎಂಬುದು ಪರದೇಶದ ಹೋಟೆಲಿನ ಮೆಟ್ಟಿಲ ಕೆಳಗೆ ಕೂತು ಗೊತ್ತಾಯಿತು. ನಾನು ಅಳುತ್ತಿದ್ದರೆ ಒಡತಿ ನನ್ನ ಮಫ್ಲರು ಬಿಚ್ಚಿ, ಸ್ವೆಟರು ತೆಗೆಸಿ, ಮಡಿಸಿ, ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕಿದರು. ನಡುವೆ ಕುರ್ಚಿಯ ಕೆಳಗಿನ ಗಡಿಯಾರ ಅವರ ಕಾಲಿಗೆ ತಾಗಿತು. ಅದನ್ನೆತ್ತಿ ಇವರ ಕೈಗೆ ಕೊಟ್ಟು ಗೋಡೆ ತೋರಿಸಿದರು, ಅಷ್ಟೆ.

ಮತ್ತೆ ಐದು ದಿನ ಅಲ್ಲಿದ್ದೆವು. ಒಡತಿ ದಿನವೂ ಶುಂಠಿಯ ನೀರು ತಂದು, ಖಾಲಿ ಲೋಟ ಕಂಡ ಮೇಲೇ ಹೋಗುತ್ತಿದ್ದರು. ಹೊರಡುವ ದಿನ ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಗಾಬರಿಯಾಗಿ ತಾವೂ ಬಗ್ಗಿ ನನಗೆ ಮಾಡಿದರು. ಗಲ್ಲಿಯ ತುದಿಯವರೆಗೂ ನಾವು ನಕ್ಕೆವು.

ಆಕ್ಲೆಂಡಿಗೆ ಬಂದರೆ ನಿಜವಾಗಿಯೂ ಒಂದೇ ಸಮ ಮಳೆ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಕಾಲ್ ಹತ್ತಿತು. ಅತ್ತೆ ನನ್ನನ್ನು ನೋಡಿ, "ಮೈ ಬೆಚ್ಚಗಿಟ್ಕೋ. ಬಿಸಿನೀರು ಕುಡಿ," ಎಂದರು. ಬೇರೇನೂ ಇಲ್ಲ. ಅದರ ಮುಂದಿನ ವಾರವೂ ಅಷ್ಟೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಶಾಂತಿಯೇ ನನ್ನನ್ನು ಅರೆದುಹಾಕಿತು. "ಹೇಳ್ಬಿಡೋಣ," ಎಂದು ಇವರು ಹತ್ತು ಸಲ ಎಂದರು. ಹತ್ತು ಸಲವೂ ನಾನೇ ಬೇಡವೆಂದೆ. ಇನ್ನೊಂದು ವಿಷಯ ಗಮನಕ್ಕೆ ಬಂದದ್ದು ತಡವಾಗಿ. ಆ ಸೀಮಂತದ ನಂತರ ಮೈಸೂರಿನ ಯಾವ ದೊಡ್ಡಮ್ಮನೂ, ಯಾವ ಚಿಕ್ಕಮ್ಮನೂ ನನ್ನನ್ನು ಏನೂ ಕೇಳಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೂ ಹವಾಮಾನ ವಿಚಾರಿಸಿ ಇಟ್ಟುಬಿಡುತ್ತಿದ್ದರು. ಅಷ್ಟು ಜನರ ಬಾಯಿಗೆ ಒಮ್ಮೆಲೇ ಬೀಗ ಬೀಳಬೇಕಾದರೆ ಯಾರೋ ಹಾಕಿರಬೇಕು ಎಂದು ನನ್ನ ಮಂಕು ತಲೆಗೆ ಹೊಳೆಯಲಿಲ್ಲ.

ಓರಗಿತ್ತಿ ಹೆಣ್ಣು ಹೆತ್ತು ಬಾಣಂತನಕ್ಕೆ ತವರಿನಲ್ಲಿದ್ದಳು. ಬಿಡುವಾಗಿದ್ದ ಅತ್ತೆ ಡಿಸೆಂಬರಿನಲ್ಲಿ ಮತ್ತೆ ನಮ್ಮಲ್ಲಿಗೆ ಬಂದರು. ಬಂದ ಮೂರನೆಯ ದಿನ, ಶನಿವಾರ ಮಧ್ಯಾಹ್ನ. ಇವರು ಹುಲ್ಲು ಕತ್ತರಿಸುತ್ತಿದ್ದರು. ಇಂಡಿಯನ್ ಅಂಗಡಿಯ ಒಣ ಅವರೆಕಾಳನ್ನು ನೆನೆಹಾಕಿಟ್ಟು, ಅತ್ತೆ ಸೊಸೆ ಅಡುಗೆಮನೆಯ ಮೇಜಿನ ಎದುರುಬದುರು ಕೂತು ಹಿತಕುತ್ತಿದ್ದೆವು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಕೈಗೆ ಕೆಲಸವಿದ್ದಾಗ ಬಾಯಿಗೆ ಧೈರ್ಯ ಬರುತ್ತದೆ.

"ಅತ್ತೆ, ಸೀಮಂತದ ದಿನ ನಾವು ಇಲ್ಲಿರ್ಲಿಲ್ಲ."

"ಗೊತ್ತು ಕಣೇ. ಹಲ್ಲಿ ಹೇಳ್ತಲ್ಲ ಅವತ್ತೇ."

ಅವರ ಬೆರಳು ನಿಲ್ಲಲಿಲ್ಲ. ಬೇಳೆ ಬೀಳುತ್ತಲೇ ಇತ್ತು. ನಾನು ಪಾತ್ರೆ ನೋಡಿಕೊಂಡೇ ಉಳಿದದ್ದನ್ನೆಲ್ಲ ಹೇಳಿದೆ. ಮಾರ್ಚಿ, ಮೇ, ಹನ್ನೊಂದನೇ ವಾರ, ಆಸ್ಪತ್ರೆ, ಹೊಯ್ ಆನ್, ಹೋಟೆಲು, ಸ್ವೆಟರು. ಎಲ್ಲಿಯೋ ಒಂದು ಕಡೆ ಅವರ ಕೈ ನಿಂತಿತ್ತು. ತಲೆಯೆತ್ತಿದಾಗ ಅವರು ಕನ್ನಡಕ ತೆಗೆದಿದ್ದರು.

"ಏನೋ ಆಗಿದೆ ಅಂತ ಆವತ್ತು ನಿನ್ನ ಮುಖ ನೋಡಿದ್ರೇ ಗೊತ್ತಾಯ್ತು. ಇದು ಅಂತ ಗೊತ್ತಿರ್ಲಿಲ್ಲಮ್ಮ. ನೀನಾಗೇ ಹೇಳಿದ್ರೆ ಹೇಳ್ತಾಳೆ ಅಂತ ಸುಮ್ನಿದ್ದೆ. ಎಲ್ರಿಗೂ ಹೇಳ್ದೆ, ನನ್ನ ಸೊಸೇನ ಯಾರಾದ್ರೂ ಏನಾದ್ರೂ ಕೇಳಿದ್ರೆ ನನ್ನ ಮನೆ ಹೊಸಿಲು ತುಳೀಬೇಡಿ ಅಂತ."

ಆಮೇಲೆ ಕೇಳಿದರು. "ಅಲ್ಲಿ, ಆ ಹೋಟ್ಲಲ್ಲಿ, ನಿನ್ನ ಯಾರಾದ್ರೂ ನೋಡ್ಕೊಂಡ್ರಾ?"

ನಾನು ಒಡತಿಯ ವಿಷಯ ಹೇಳಿದೆ. ಶುಂಠಿಯ ನೀರು, ಹಣೆಯ ಮೇಲಿನ ಕೈ, ಬೀಸಣಿಗೆ.

"ಸದ್ಯ," ಎಂದರು ಅತ್ತೆ. ಅಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಷ್ಟು ವಯಸ್ಸು ಆಕೆಗೆ?"

"ನಿಮ್ಮಷ್ಟೇ ಇರ್ಬಹುದು."

"ನಾಳೆ ಎಣ್ಣೆ ಬಿಸಿ ಮಾಡ್ತೀನಿ. ತಲೆಗೆ, ಬೆನ್ನಿಗೆ ಹಚ್ಚಿ ನೀರು ಹಾಕ್ತೀನಿ. ನಿಲ್ಲದೇ ಹೋದ್ರೂ ಬಾಣಂತಿ ಬಾಣಂತೀನೇ. ಏಳು ತಿಂಗಳು ತಡ ಆಯ್ತು, ಇರ್ಲಿ."

ಹಿತ್ತಲಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ನಿಂತಿತು. ಆ ಮೌನದಲ್ಲಿ, ನಾನು ಏಳು ತಿಂಗಳಿಂದ ಯಾರಿಗೂ, ಇವರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

"ಆಸ್ಪತ್ರೆಯಿಂದ ಮನೆಗೆ ಬಂದ ದಿನ, ನೀವು ಇರ್ಬೇಕಿತ್ತು ಅನ್ನಿಸ್ತು ಅತ್ತೆ. ನಿಮ್ಮಿಂದಾನೇ ಮುಚ್ಚಿಟ್ಟೆ. ಆದ್ರೂ ನೀವೇ ಬೇಕು ಅನ್ನಿಸ್ತಿತ್ತು."

ಅತ್ತೆ ನನ್ನನ್ನು ನೋಡಿದರು. ಆಮೇಲೆ ನಮ್ಮ ಅಡುಗೆಮನೆಯ ಬೋಳು ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಅರುವತ್ತು ದಾಟಿದ ಹೆಡ್‌ಮಿಸ್ಸು ನಾಲಿಗೆಯನ್ನು ಅಂಗುಳಿಗೆ ಹಚ್ಚಿ, ತಾವೇ ಲೊಚ್ ಲೊಚ್ ಲೊಚ್ ಎಂದರು. ಎಂದು, ಅವರೆಸಿಪ್ಪೆ ಅಂಟಿದ ಬೆರಳಿನಿಂದ ಮೇಜನ್ನು ಮೂರು ಸಲ ಕುಟ್ಟಿದರು.

"ಕೃಷ್ಣ ಕೃಷ್ಣ," ಎಂದೆವು ಇಬ್ಬರೂ.